ಕಪ್ಪು ತಂತಿ, ಕಂದು ತಂತಿ

ನನಗೆ ಕೆಲಸ ಕಲಿಸಿದವರ ಅಂಗಡಿ ನನ್ನ ಒಂದು ಮಾತಿನಿಂದ ಮುಚ್ಚಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೇಳದೆ ಬರೆಯುತ್ತಾ ಹೋದರೆ ನಡುವೆ ಎಲ್ಲಾದರೂ ನನ್ನನ್ನು ನಾನೇ ಉಳಿಸಿಕೊಳ್ಳಲು ಸಂದು ಹುಡುಕುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ರಾಯಚೂರು ಕಡೆಯಿಂದ ಅಪ್ಪ ಅವ್ವನ ಜೊತೆ ಬಂದು ಮರ್ಫಿ ಟೌನಿನ ಒಂದೇ ರೂಮಿನಲ್ಲಿ ಐದು ಜನ ಇದ್ದೆವು. ಹತ್ತೊಂಬತ್ತು ತುಂಬುವವರೆಗೆ ಇಂದಿರಾನಗರದ ಕಟ್ಟಡಗಳಿಗೆ ಸಿಮೆಂಟು ಹೊತ್ತೆ. ಒಂದು ದಿನ ಮರಳು ತಂದ ಲಾರಿ ಸೈಟಿನ ಬಾಗಿಲಲ್ಲೇ ಸತ್ತು ನಿಂತಿತು. ಯಾರೋ ಹೋಗಿ ಒಬ್ಬರನ್ನು ಕರೆತಂದರು. ಬಿಳಿ ಟೋಪಿ, ತೆಳ್ಳನೆ ಮೈ, ಕೈಯಲ್ಲಿ ಎರಡು ತಂತಿ ಕಟ್ಟಿದ ಒಂದು ಚಿಕ್ಕ ಬಲ್ಬು. ಅಷ್ಟೇ ಸಾಮಾನು. ಲಾರಿಯ ಕೆಳಗೆ ನುಗ್ಗಿ ಅಲ್ಲೊಮ್ಮೆ ಇಲ್ಲೊಮ್ಮೆ ಬಲ್ಬು ಮುಟ್ಟಿಸಿದರು. ಒಂದು ಕಡೆ ಹತ್ತಿತು, ಒಂದು ಕಡೆ ಹತ್ತಲಿಲ್ಲ. "ಇಲ್ಲಿ ನೋಡು, ಇಲ್ಲೇ ಕಳ್ಳ" ಅಂದರು. ಲಾರಿ ಗುಡುಗಿತು. ಅರವತ್ತು ಮೂಟೆ ಹೊತ್ತ ಬೆನ್ನಿನ ನಾನು ನಿಂತು ನೋಡಿದೆ. ಕೆಲಸವೆಂದರೆ ಇದು ಅನ್ನಿಸಿತು. ಮರುದಿನ ಶಿವಾಜಿನಗರ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ ಹುಡುಕಿಕೊಂಡು ಹೋದೆ.

ಅದು ತೊಂಬತ್ತರ ದಶಕದ ನಡುಭಾಗ. ಉಸ್ತಾದ್ ಅಂತ ಕರೆಯುತ್ತಿದ್ದೆ, ಗಲ್ಲಿಯವರೆಲ್ಲ ಹಾಗೇ ಕರೆಯುತ್ತಿದ್ದರು. ನನ್ನ ಮಾತು ಕೇಳಿ ಮೊದಲ ದಿನವೇ ನಕ್ಕರು.

"ಏನ್ರೀ ಹೌದ್ರೀ ಅಂತೀಯಲ್ಲ, ಬ್ಯಾಟರಿಗೂ ಮರ್ಯಾದೆ ಕೊಡ್ತೀಯಾ?"

"ಶಾಕ್ ಹೊಡೀತದಲ್ರೀ, ಕೊಡಬೇಕಾಗ್ತದ."

"ಹೊಡಿಯಲ್ಲ ಮಗಾ, ಹನ್ನೆರಡು ವೋಲ್ಟು. ಹೊಡೆಯೋದು ನಾನು."

ಒಂಬತ್ತು ವರ್ಷ ಅವರ ಕೈಕೆಳಗಿದ್ದೆ. ಒಂದು ದಿನವೂ ಹೊಡೆಯಲಿಲ್ಲ. ಎಡಗೈಯವರು ಅವರು. ಜಾಯಿಂಟು ಹಾಕಿ ಟೇಪು ಸುತ್ತುವಾಗ ಎಲ್ಲರಿಗಿಂತ ಉಲ್ಟಾ ಸುತ್ತುತ್ತಿದ್ದರು. ಕೊನೆಯಲ್ಲಿ ಟೇಪಿನ ತುದಿಯನ್ನು ಚೂರು ಮಡಿಸಿ ಕಿವಿಯಂತೆ ಬಿಡುತ್ತಿದ್ದರು, ಮುಂದೆ ಬಿಚ್ಚುವವನ ಉಗುರಿಗೆ ಸಿಗಲಿ ಅಂತ. ಬಿಚ್ಚುವವನು ಯಾರೋ ಏನೋ, ಅವನ ಬಗ್ಗೆಯೂ ಯೋಚನೆ ಅವರಿಗೆ.

ಅವರು ಕಲಿಸಿದ್ದರಲ್ಲಿ ದೊಡ್ಡ ಪಾಠ ಒಂದು. "ಕರೆಂಟು ಬರೋದನ್ನ ಎಲ್ಲರೂ ಹುಡುಕ್ತಾರೆ. ವಾಪಸ್ ಹೋಗೋ ದಾರಿ ಇದೆಯಾ ಅಂತ ಯಾರೂ ನೋಡಲ್ಲ. ಮನೆಗೆ ವಾಪಸ್ ಹೋಗೋಕೆ ದಾರಿ ಇಲ್ಲ ಅಂದ್ರೆ ಯಾವನು ಬರ್ತಾನೆ ಕೆಲಸಕ್ಕೆ?" ಬ್ಯಾಟರಿಯಿಂದ ಹೊರಟ ಕರೆಂಟು ಕಪ್ಪು ತಂತಿಯಲ್ಲಿ ಗಾಡಿಯ ಕಬ್ಬಿಣದ ಮೈಗೆ ಇಳಿದು ವಾಪಸಾಗುತ್ತದೆ. ಅದಕ್ಕೆ ಅರ್ಥಿಂಗ್ ಅನ್ನುತ್ತೇವೆ. ನೂರು ಕಂಪ್ಲೇಂಟಿನಲ್ಲಿ ನಲವತ್ತು ಅದರದ್ದೇ.

ಇನ್ನೊಂದು ಪಾಠ ಬಾಯಿ ಬಿಟ್ಟು ಹೇಳಿದ್ದಲ್ಲ, ನೋಡಿ ಕಲಿತದ್ದು. ಬೇರೆಯವರು ಅರ್ಧ ಮಾಡಿದ ಗಾಡಿ ಬಂದರೆ ಉಸ್ತಾದ್ ಬಾನೆಟ್ ಎತ್ತುವ ಮೊದಲು "ಯಾರ ಕೈಯಲ್ಲಿತ್ತು?" ಎಂದು ಕೇಳುತ್ತಿದ್ದರು. ಹೆಸರು ಗೊತ್ತಾದ ಮೇಲೆ ಅವರ ಹತ್ತಿರಕ್ಕೆ ಒಬ್ಬನನ್ನು ಕಳಿಸುತ್ತಿದ್ದರು. 'ನಿಮ್ಮ ಗಾಡಿ ನನ್ನ ಹತ್ತಿರ ಬಂದಿದೆ, ಮುಟ್ಟಲಾ?' ಅವರು ಹೂಂ ಅಂದಮೇಲೆಯೇ ಸ್ಕ್ರೂ ಡ್ರೈವರ್. ಕಂಟೋನ್ಮೆಂಟಿನ ಹಳೆಯ ಕೆಲಸಗಾರರಲ್ಲಿ ಇದು ಕಾನೂನಿದ್ದ ಹಾಗೆ. ಹೊಸಬರು ಇದನ್ನು ಕೈಬಿಟ್ಟು ಬೇರೊಂದು ಚಾಳಿ ಹಿಡಿದಿದ್ದರು. ಗಾಡಿ ಬಿಚ್ಚಿದ ಕೂಡಲೇ ಹಿಂದಿನವನನ್ನು ಗಿರಾಕಿಯ ಎದುರು ಬೈಯುವುದು. ಹಿಂದಿನವನು ಎಷ್ಟು ದಡ್ಡನೋ ನಾವು ಅಷ್ಟು ಜಾಣರು. ಅದೊಂದು ಪುಕ್ಕಟೆ ಜಾಹೀರಾತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಾನು ಹಲಸೂರಿನಾಚೆ ಹಳೇ ಮದ್ರಾಸು ರಸ್ತೆಯ ಪಕ್ಕ ನನ್ನದೇ ಅಂಗಡಿ ಹಾಕಿದೆ. ಉಸ್ತಾದ್ ಬಂದು ಹೊಸ ಬೆಂಚಿನ ಮೊದಲ ನಟ್ಟನ್ನು ತಮ್ಮ ಕೈಯಿಂದ ಬಿಗಿದು, ನನ್ನ ಅವ್ವ ಕೊಟ್ಟ ಪಾಯಸ ಕುಡಿದು ಹೋದರು. ಅಂಗಡಿ ಓಡಿತು. ಓದಿದವರು ಕಾರು ತಂದು ನನ್ನ ಎದುರು ಕೈಕಟ್ಟಿ ನಿಲ್ಲುವುದನ್ನು ನೋಡಿ ನನ್ನ ಎದೆ ಒಂದಿಂಚು ಅಗಲವಾಗಿತ್ತು ಅಂತಲೇ ಹೇಳಬೇಕು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯುತ್ತಿದ್ದೆ. ಸುಳ್ಳು ಬಿಲ್ಲು ಹಾಕಿದವನಲ್ಲ. ಕೆಲಸದಲ್ಲಿ ನನ್ನನ್ನು ಯಾರೂ ಆಡಿಕೊಳ್ಳುವ ಹಾಗಿರಲಿಲ್ಲ. ಆ ಗರ್ವ ಈಗಲೂ ಇದೆ, ಬಿಡಿ.

ಒಂದು ಬೆಳಿಗ್ಗೆ ಬಿಳಿ ಪಿಕಪ್ ಒಂದು ಬಂದು ನಿಂತಿತು. ಕೆ.ಆರ್. ಪುರದ ಸಂತೆಯಿಂದ ರಸಲ್ ಮಾರ್ಕೆಟ್ಟಿಗೆ ತರಕಾರಿ ಹೊಡೆಯುವ ಗಾಡಿ. ಡ್ರೈವರ್ ಹೊರಮಾವಿನವನು, ಬಾಯಾಳಿ. ಜೊತೆಗೆ ಮಾಲೀಕರೂ ಇಳಿದರು. ಅಂಥವೇ ಆರು ಗಾಡಿ ಅವರದ್ದು ಎಂದು ನನಗೆ ಗೊತ್ತಿತ್ತು.

"ಮೀಟರ್ ಬೋರ್ಡು ಸತ್ತೋಗಿದೆ ಗುರು" ಅಂದ ಡ್ರೈವರ್. "ಸ್ಪೀಡೂ ಇಲ್ಲ, ಡೀಸೆಲ್ಲೂ ಇಲ್ಲ, ಹೀಟೂ ಇಲ್ಲ. ಕೀ ತಿರುಗಿಸಿದ್ರೆ ಒಂದು ದೀಪ ಹತ್ತಲ್ಲ. ಕಣ್ಣು ಕಟ್ಟಿ ಓಡಿಸಿದ ಹಂಗೆ. ಮೊನ್ನೆ ಟಿನ್ ಫ್ಯಾಕ್ಟರಿ ಹತ್ರ ಡೀಸೆಲ್ ಮುಗಿದು ನಾನೂ ಟೊಮ್ಯಾಟೋನೂ ಬಿಸಿಲಲ್ಲಿ ನಿಂತಿದ್ವಿ."

"ಸಾಯೋ ಮುಂಚೆ ಏನಾಯ್ತು?" ಇದು ನಮ್ಮ ಮೊದಲ ಪ್ರಶ್ನೆ.

"ಇಲಿ. ಸ್ಟೇರಿಂಗ್ ಕೆಳಗೆ ವೈರೆಲ್ಲ ಕಡಿದು ಹಾಕಿತ್ತು. ಶಿವಾಜಿನಗರದಲ್ಲಿ ಜಾಯಿಂಟ್ ಹಾಕಿಸ್ದೆ. ಹಾರನ್ನು, ಇಂಡಿಕೇಟರ್ ಎಲ್ಲ ಬಂತು. ಬೋರ್ಡು ಮಾತ್ರ ಬರ್ಲಿಲ್ಲ. ಮೂರು ದಿನ ಇಟ್ಕೊಂಡು ಕೂತಿದ್ರು. ನಮ್ಮ ಓನರ್ ಅಣ್ಣ ಬಂದು ಎತ್ಕೊಂಡು ಬಂದ್ಬಿಟ್ರು."

ಯಾರ ಕೈಯಲ್ಲಿತ್ತು ಎಂದು ನಾನು ಆಗ ಕೇಳಬೇಕಿತ್ತು. ಶಿವಾಜಿನಗರ ಎಂದ ಮೇಲೆ ಕೇಳಲೇಬೇಕಿತ್ತು. ಕೇಳಲಿಲ್ಲ. ಮಾಲೀಕರು ಗಡಿಯಾರ ನೋಡುತ್ತಿದ್ದರು.

ಫ್ಯೂಸಿನ ಎರಡೂ ಕಾಲಿಗೆ ಬಲ್ಬು ಮುಟ್ಟಿಸಿದೆ, ಎರಡೂ ಕಡೆ ಹತ್ತಿತು. ಫ್ಯೂಸು ಸರಿ. ನಾಲ್ಕು ಸ್ಕ್ರೂ ಬಿಚ್ಚಿ ಬೋರ್ಡನ್ನು ಮುಂದಕ್ಕೆ ಎಳೆದು ಹಿಂದಿನ ಪ್ಲಗ್ಗು ಕಿತ್ತೆ. ಕೀ ತಿರುಗಿಸಿ ಪ್ಲಗ್ಗಿನ ಒಂದೊಂದೇ ತಂತಿ ನೋಡಿದೆ. ಕರೆಂಟು ತರುವ ತಂತಿ ಎರಡು, ಎರಡರಲ್ಲೂ ಬರುತ್ತಿತ್ತು. ಅಲ್ಲಿಗೆ ಬರುವ ದಾರಿ ಸರಿ. ಇನ್ನು ವಾಪಸ್ ಹೋಗುವ ದಾರಿ. ಬಲ್ಬಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್ಸಿಗೆ ಸಿಕ್ಕಿಸಿ ಇನ್ನೊಂದನ್ನು ಕಪ್ಪು ತಂತಿಗೆ ಇಟ್ಟೆ. ಹತ್ತಲಿಲ್ಲ.

"ಸಿಕ್ತು" ಅಂದೆ. ಹತ್ತು ನಿಮಿಷವೂ ಆಗಿರಲಿಲ್ಲ.

ಸ್ಟೇರಿಂಗ್ ಕೆಳಗೆ ಮಲಗಿ ತಂತಿಗಳ ಕಟ್ಟು ಬಿಚ್ಚಿದೆ. ಐದು ಜಾಯಿಂಟು ಇದ್ದವು. ನಾಲ್ಕು ಸರಿಯಾಗಿದ್ದವು. ಐದನೆಯದರಲ್ಲಿ ಬೋರ್ಡಿನಿಂದ ಬಂದ ಕಪ್ಪು ತಂತಿಯನ್ನು ಕಡು ಕಂದು ಬಣ್ಣದ ಒಂದು ತಂತಿಗೆ ಸೇರಿಸಿದ್ದರು. ಅಂಥ ಗಾಡಿಗಳಲ್ಲಿ ದುಬಾರಿ ಮಾದರಿಗೆಂದು ಎಳೆದ ತಂತಿಗಳು ಅಗ್ಗದ ಮಾದರಿಯಲ್ಲೂ ಇರುತ್ತವೆ. ಎಲ್ಲಿಗೂ ಹೋಗುವುದಿಲ್ಲ, ಸುಮ್ಮನೆ ಬಾಲ ಕತ್ತರಿಸಿಕೊಂಡು ಮಲಗಿರುತ್ತವೆ. ಈ ಕಂದು ತಂತಿ ಅಂಥದ್ದು. ಗಾಡಿಯ ಮೈಗೆ ಹೋಗುವ ನಿಜವಾದ ಕಪ್ಪು ತಂತಿ ಪಕ್ಕದಲ್ಲೇ ಟೇಪು ಹಾಕಿಸಿಕೊಂಡು ಬಿದ್ದಿತ್ತು.

ಟೇಪು ಉಲ್ಟಾ ಸುತ್ತಿತ್ತು. ತುದಿ ಕಿವಿಯಂತೆ ಮಡಿಸಿತ್ತು. ನನ್ನ ಉಗುರಿಗೇ ಸಿಕ್ಕಿತು ಅದು.

ಗೊತ್ತಾಗಲಿಲ್ಲ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನನ್ನ ಹೆಂಡತಿಗೂ ಹಾಗೇ ಹೇಳಿದ್ದೇನೆ. ಸುಳ್ಳು. ಆ ಟೇಪು ನೋಡಿದ ಕೂಡಲೇ ಯಾರ ಕೈ ಅಂತ ಗೊತ್ತಾಯಿತು. ಕಪ್ಪಿಗೂ ಕಂದಿಗೂ ವ್ಯತ್ಯಾಸ ಕಾಣದ ಹಾಗೆ ಅವರ ಕಣ್ಣು ಹೋಗಿದೆ ಅನ್ನುವುದೂ ಅದೇ ಕ್ಷಣ ತಿಳಿಯಿತು. ಆಮೇಲೆ ಜಾಯಿಂಟು ಸರಿಮಾಡಿ, ಎದ್ದು, ಕೀ ತಿರುಗಿಸಿದೆ. ಕೆಂಪು, ಹಳದಿ ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಡೀಸೆಲ್ ಮುಳ್ಳು ಮೆಲ್ಲಗೆ ಎದ್ದಿತು.

"ಅಯ್ಯೋ ಇವ್ನ!" ಅಂದ ಡ್ರೈವರ್. "ಅಲ್ಲಿ ಮೂರು ದಿನ, ಇಲ್ಲಿ ಒಂದು ಬೀಡಿ ಸೇದೋಷ್ಟು ಹೊತ್ತು."

ಮಾಲೀಕರು ಮೊದಲ ಸಲ ನನ್ನ ಮುಖ ನೋಡಿದರು. "ಏನ್ರೀ ಆಗಿತ್ತು?"

ಅರ್ಥಿಂಗ್ ಬಿಟ್ಟಿತ್ತು ಎಂದರೆ ಸಾಕಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಅವರು ಅಷ್ಟಕ್ಕೇ ತಲೆ ಆಡಿಸಿ ಹೋಗುತ್ತಿದ್ದರು. ಸುತ್ತ ಇನ್ನೂ ಇಬ್ಬರು ಮೂವರು ಗಿರಾಕಿಗಳು ನಿಂತಿದ್ದರು, ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಆ ಕಂದು ತಂತಿಯ ತುಂಡನ್ನು ಎತ್ತಿ ತೋರಿಸಿದೆ.

"ಕಪ್ಪು ಯಾವುದು ಕಂದು ಯಾವುದು ಗೊತ್ತಾಗಿಲ್ಲ ಮಹಾನುಭಾವರಿಗೆ. ಕಣ್ಣು ಕಾಣದವರಿಗೆ ವೈರಿಂಗ್ ಕೊಟ್ರೆ ಇದೇ ಆಗೋದು ಸಾರ್."

ಎಲ್ಲರೂ ನಕ್ಕರು. ಆರೂ ಗಾಡಿಗಳು ಇನ್ನು ಮೇಲೆ ನನ್ನ ಹತ್ತಿರವೇ ಬರುತ್ತವೆ ಎಂದು ಮಾಲೀಕರು ಹೇಳಿ ಹೋದರು. ಅವತ್ತು ಮಧ್ಯಾಹ್ನದ ಊಟ ನನಗೆ ರುಚಿಸಿತು ಎಂಬುದನ್ನೂ ಬರೆಯಬೇಕು.

ಡ್ರೈವರನ ಬಾಯಿಗೆ ಬಿದ್ದ ಮಾತು ದಿನಾ ಕೆ.ಆರ್. ಪುರದಿಂದ ಶಿವಾಜಿನಗರಕ್ಕೆ ಓಡಾಡುತ್ತದೆ. ವಾರ ಹತ್ತು ದಿನದಲ್ಲಿ ಏನಾಯಿತು ಅನ್ನುವುದನ್ನು ನನಗೆ ಹೇಳಿದವರು ಉಸ್ತಾದರ ಅಂಗಡಿಯ ಎದುರು ಚಹಾ ಮಾಡುತ್ತಿದ್ದ ಕಾಕಾ. ಹಲಸೂರಿಗೆ ಬಂದವರು ನನ್ನ ಅಂಗಡಿಗೆ ಬಂದರು. ಕೂರಿ ಅಂದರೂ ಕೂರಲಿಲ್ಲ.

"ಆ ಮಾತು ನೀನೇ ಹೇಳಿದ್ದಂತೆ."

"ಏನು ಕಾಕಾ?"

"ಡ್ರೈವರ್ ಹುಡುಗರು ಬಂದು ಬಂದು ವೈರ್ ತುಂಡು ಹಿಡಿದು ಕೇಳ್ತಾರೆ, ಉಸ್ತಾದ್, ಇದು ಯಾವ ಕಲರ್? ಎರಡು ದಿನ ನಗಾಡಿಕೊಂಡು ಉತ್ತರ ಕೊಟ್ರು. ಕೆಂಪು ಅಂದ್ರು, ಹಸಿರು ಅಂದ್ರು. ಕೆಲವು ಸರಿ ಆಯ್ತು. ಮೂರನೇ ದಿನ ಒಬ್ಬ ಬೀಡಿ ಕಟ್ಟೋ ದಾರ ತಂದು ಹಿಡಿದ. ಅದನ್ನೂ ವೈರ್ ಅಂದುಕೊಂಡು ನೀಲಿ ಅಂದ್ಬಿಟ್ರು. ಗಲ್ಲಿಯೆಲ್ಲ ನಕ್ಕಿತು. ಜುಮ್ಮಾ ನಮಾಜಿಗೆ ಹೋದವರು ವಾಪಸ್ ಬಂದು ಶಟರ್ ತೆಗೀಲಿಲ್ಲ."

"ನನಗೆ ಗೊತ್ತಿರ್ಲಿಲ್ಲ ಕಾಕಾ, ಅದು ಅವರ ಕೆಲಸ ಅಂತ."

"ಅದನ್ನ ಅವರಿಗೆ ಹೋಗಿ ಹೇಳು" ಎಂದು ಹೊರಟುಹೋದರು.

ಹೋಗಲು ನನಗೆ ನಾಲ್ಕು ದಿನ ಬೇಕಾಯಿತು. ಅದಕ್ಕೂ ಮೊದಲು ಒಂದು ದಡ್ಡ ಕೆಲಸ ಮಾಡಿದೆ. ತರಕಾರಿ ಗಾಡಿಗಳು ನಿಲ್ಲುವ ಜಾಗಕ್ಕೆ ಹೋಗಿ, ನಾನು ಅವತ್ತು ಹೇಳಿದ್ದು ತಪ್ಪು, ಜಾಯಿಂಟು ಸರಿ ಇತ್ತು, ಬೇರೆ ಏನೋ ಆಗಿತ್ತು ಎಂದು ಡ್ರೈವರುಗಳಿಗೆ ಹೇಳಿದೆ. ಅವರಲ್ಲಿ ಒಬ್ಬ ನನ್ನ ಬೆನ್ನು ತಟ್ಟಿದ. "ಗುರುಗಳಿಗೆ ತೇಪೆ ಹಾಕೋಕೆ ಬಂದಿದ್ದಾನೆ ನೋಡ್ರೋ. ಒಳ್ಳೆ ಶಿಷ್ಯ ಕಣಯ್ಯಾ ನೀನು." ಅಲ್ಲಿಯವರೆಗೆ ಅದು ಯಾರ ಕೆಲಸ ಎಂದು ಗೊತ್ತಿಲ್ಲದವರಿಗೂ ಅವತ್ತು ಗೊತ್ತಾಯಿತು.

ಉಸ್ತಾದರ ಮನೆ ಗಲ್ಲಿಯ ಒಳಗಿನ ಗಲ್ಲಿಯಲ್ಲಿ, ಮೇಲಿನ ಅಂತಸ್ತಿನಲ್ಲಿ ಒಂದು ಕೋಣೆ. ಸಂಜೆ ನಾಲ್ಕರ ಸುಮಾರಿಗೆ ಹೋದೆ. ಅವರ ಹೆಂಡತಿ, ನಾವು ಅಮ್ಮಾ ಅನ್ನುತ್ತಿದ್ದೆವು, ಬಾಗಿಲು ತೆಗೆದು ಚಾಪೆ ಹಾಸಿದರು. ಉಸ್ತಾದ್ ಗೋಡೆಗೆ ಒರಗಿ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ "ಬಾ, ಕೂತ್ಕೊ" ಅಂದರು. ಮೆಟ್ಟಿಲು ಹತ್ತುವ ಸದ್ದಿನಲ್ಲೇ ಗುರುತು ಹಿಡಿದಿದ್ದರೋ ಏನೋ.

ಅವ್ವ ಹೇಗಿದ್ದಾರೆ, ಮಳೆ ನಿಮ್ಮ ಊರ ಕಡೆ ಹೇಗೆ, ಎಲ್ಲ ಕೇಳಿದರು. ಆಮೇಲೆ ಕೇಳಿದರು:

"ಆ ಪಿಕಪ್ಪು. ಏನಾಗಿತ್ತು?"

ಹೇಳಿದೆ. ಬೇರೆ ದಾರಿ ಇರಲಿಲ್ಲ. ಫ್ಯೂಸು ನೋಡಿದ್ದು, ಪ್ಲಗ್ಗು ನೋಡಿದ್ದು, ಕಪ್ಪು ತಂತಿಯಲ್ಲಿ ಬಲ್ಬು ಹತ್ತದಿದ್ದದ್ದು, ಎಲ್ಲ. ಅವರು ಕಣ್ಣು ಮುಚ್ಚಿ, ಹಿಂದೆ ಅಂಗಡಿಯಲ್ಲಿ ನನ್ನ ಪಾಠ ಒಪ್ಪಿಸಿಕೊಳ್ಳುತ್ತಿದ್ದ ಹಾಗೆ, ಒಂದೊಂದಕ್ಕೂ ತಲೆ ಆಡಿಸಿದರು.

"ಅರ್ಥಿಂಗ್ ಹೋಗಿದೆ ಅಂತ ನನಗೂ ಗೊತ್ತಿತ್ತು. ಮೊದಲ ದಿನಾನೇ ಗೊತ್ತಾಯ್ತು. ಆ ಜಾಯಿಂಟು ಹತ್ತು ಸಲ ಬಿಚ್ಚಿ ಹಾಕ್ದೆ. ಕಪ್ಪಿಗೆ ಕಪ್ಪೇ ಸೇರಿಸಿದ ಹಂಗೆ ಕಾಣ್ತಿತ್ತು."

"ಹೊರಗಿಂದ ಒಂದು ತಂತಿ ಎಳೆದು ಗಾಡಿ ಮೈಗೆ ಕೊಟ್ಟಿದ್ರೆ ಆಗ್ತಿತ್ತಲ್ರೀ ಉಸ್ತಾದ್."

"ಆಗ್ತಿತ್ತು. ಅದು ಕೆಲಸ ಅಲ್ಲ, ಕಳ್ಳತನ. ಕಾಯಿಲೆ ಒಳಗೇ ಇರುತ್ತೆ." ಮತ್ತೆ ಅವರೇ ಹೇಳಿದರು: "ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ ಅಂದ್ರು ಡಾಕ್ಟ್ರು. ಒಂದು ವರ್ಷ ಆಯ್ತು. ಯಾರಿಗೂ ಹೇಳಿರ್ಲಿಲ್ಲ. ಇವಳಿಗೂ ಹೇಳಿರ್ಲಿಲ್ಲ. ಕೈಗೆ ಅಭ್ಯಾಸ ಇದೆಯಲ್ಲ, ಇನ್ನೊಂದು ಎರಡು ವರ್ಷ ತಳ್ಳಬಹುದು ಅಂದುಕೊಂಡಿದ್ದೆ."

ಅಮ್ಮ ಬಾಗಿಲ ಹತ್ತಿರ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡರು.

ಆಗಲೂ ನನಗೆ ಒಂದು ಅವಕಾಶ ಇತ್ತು. ನಿಜ ಹೇಳಿ ಅವರ ಕಾಲು ಹಿಡಿಯಬಹುದಿತ್ತು. ಅದಕ್ಕೆಂದೇ ಹೋಗಿದ್ದೆ. ಬಾಯಿಂದ ಬಂದದ್ದು ಬೇರೆ.

"ಉಸ್ತಾದ್, ಅದು ನಿಮ್ಮ ಕೆಲಸ ಅಂತ ನನಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಆಡ್ತಿದ್ನಾ ಆ ಮಾತು?"

ಅವರ ಎಡಗೈ ಚಾಪೆಯ ಅಂಚಿನ ಒಂದು ಎಳೆಯನ್ನು ಹಿಡಿದು ಬೆರಳಿಗೆ ಸುತ್ತಿಕೊಳ್ಳುತ್ತಿತ್ತು, ಬಿಚ್ಚುತ್ತಿತ್ತು. ಒಂಬತ್ತು ವರ್ಷ ತಮ್ಮ ಪಕ್ಕದಲ್ಲಿ ಕೂತವನಿಗೆ ತಮ್ಮ ಕೈ ಗೊತ್ತಾಗಲಿಲ್ಲ ಎಂಬ ಮಾತನ್ನು ಅವರು ಅಲ್ಲಿ ಕೂತು ತೂಗಿ ನೋಡುತ್ತಿದ್ದರು. ಅದು ನನಗೆ ಕಾಣುತ್ತಿತ್ತು.

"ಹೌದಾ" ಅಂದರು ಕೊನೆಗೆ. "ಚಹಾ ಕುಡಿ, ಆರುತ್ತೆ."

ನನ್ನ ಅಂಗಡಿಗೆ ಬಂದು ಕೂತುಕೊಳ್ಳಿ, ನೀವು ಬಾಯಲ್ಲಿ ಹೇಳಿ, ಕೈ ನನ್ನದು ಎಂದೆ. ಬೆಳಿಗ್ಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಬೇಡಿಕೊಂಡೆ ಅಂದರೂ ಸರಿ.

"ಬರ್ತೀನಿ ಅಂತಾನೇ ಇಟ್ಕೋ. ನಿನ್ನ ಗಿರಾಕಿಗಳು ನನ್ನ ಮುಂದೆ ದಾರ ಹಿಡೀತಾರೆ. ನೀನು ಎಷ್ಟು ಜನರ ಹತ್ರ ಜಗಳ ಆಡ್ತೀಯಾ?" ಎಂದು ನಕ್ಕರು. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಸಿಟ್ಟು ಇರಲಿಲ್ಲ.

ಆ ಮೇಲೆ ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಅಂಗಡಿಯ ಜಾಗ ಬೇರೆಯವರ ಪಾಲಾಗಿ ಅಲ್ಲಿ ಮೊಬೈಲಿನ ಕವರು ಮಾರತೊಡಗಿದರು. ನಾನು ಹಣ್ಣು ತೆಗೆದುಕೊಂಡು ಹೋದರೆ ಅಮ್ಮ ತೆಗೆದುಕೊಳ್ಳುತ್ತಿದ್ದರು. ಉಸ್ತಾದ್ ಮಾತಾಡುತ್ತಿದ್ದರು, ರಂಜಾನಿನಲ್ಲಿ ಗಂಜಿ ಕುಡಿಸುತ್ತಿದ್ದರು. ಆದರೆ ಕೆಲಸದ ಮಾತು ಎತ್ತುತ್ತಿರಲಿಲ್ಲ. ನಾನು ಹೊಸ ಗಾಡಿಗಳ ಬಗ್ಗೆ ಏನಾದರೂ ಶುರುಮಾಡಿದರೆ, ಕಂಪ್ಯೂಟರು ಹಾಕಿ ನೋಡುತ್ತಾರಂತೆ ಎಂದರೆ, "ಹೌದಂತೆ" ಅಂದು ಸುಮ್ಮನಾಗುತ್ತಿದ್ದರು. ಕಲಿಸುವವರು ಹೋಗಿ ಉಪಚರಿಸುವವರು ಮಾತ್ರ ಉಳಿದಿದ್ದರು.

ಒಂದು ಸಲ ಹೋದಾಗ ಕೋಣೆಯ ಟ್ಯೂಬ್‌ಲೈಟು ಮಿಣಮಿಣ ಅನ್ನುತ್ತಿತ್ತು. ಅಮ್ಮ "ಎರಡು ದಿನದಿಂದ ಹಿಂಗೇ, ನೋಡಪ್ಪಾ ಒಂಚೂರು" ಅಂದರು. ನಾನು ಸಂತೋಷದಿಂದ ಎದ್ದು ಸ್ಟೂಲು ಎಳೆದೆ. ಇಷ್ಟು ದಿನದ ಮೇಲೆ ಆ ಮನೆಯಲ್ಲಿ ನನ್ನ ಕೈಗೆ ಒಂದು ಕೆಲಸ. ಹತ್ತುವಷ್ಟರಲ್ಲಿ ಉಸ್ತಾದ್ ಗೋಡೆಯ ಕಡೆಯಿಂದ ಹೇಳಿದರು:

"ಬೇಡ. ಇಳಿ."

"ಸ್ಟಾರ್ಟರ್ ಇರಬೇಕು ಉಸ್ತಾದ್, ಒಂದು ನಿಮಿಷ."

"ಇಳಿ ಅಂದೆ. ಯಾರನ್ನಾದ್ರೂ ಕರೆಸ್ತೀನಿ."

ದನಿ ಎತ್ತಲಿಲ್ಲ. ಇಳಿದೆ. ಸ್ಟೂಲನ್ನು ಅದರ ಜಾಗದಲ್ಲಿ ಇಟ್ಟೆ. ಮಿಣಮಿಣ ಬೆಳಕಿನಲ್ಲಿ ಮೂವರೂ ಚಹಾ ಕುಡಿದೆವು. ಉಸ್ತಾದರಿಗೆ ಆ ಬೆಳಕಿನ ತೊಂದರೆ ಇರಲಿಲ್ಲ. ಅಮ್ಮ ಕಣ್ಣು ಉಜ್ಜಿಕೊಳ್ಳುತ್ತಿದ್ದರು.

ಮುಂದಿನ ತಿಂಗಳು ಹೋದಾಗ ಯಾರೋ ಬಂದು ಸರಿಮಾಡಿದ್ದರು. ಟ್ಯೂಬು ಕೂರಿಸುವ ಪಟ್ಟಿ ಸೊಟ್ಟಗೆ ಕೂತಿತ್ತು. ಒಂದು ಕಡೆ ಸ್ಕ್ರೂ ಇಲ್ಲದೆ ಸುತಲಿ ದಾರದಿಂದ ಕಟ್ಟಿದ್ದರು. ನನ್ನ ಕಣ್ಣು ಒಳಗೆ ಕಾಲಿಟ್ಟ ಕೂಡಲೇ ಅಲ್ಲಿಗೇ ಹೋಯಿತು.

"ಲೈಟು ಹೇಗೆ ಬರ್ತಿದೆ?" ಎಂದು ಉಸ್ತಾದ್ ನನ್ನನ್ನು ಕೇಳಿದರು. ಆ ಹೊತ್ತಿಗೆ ಅವರಿಗೆ ಹಗಲು ರಾತ್ರಿಯಷ್ಟೇ ತಿಳಿಯುತ್ತಿತ್ತು.

"ಚೆನ್ನಾಗಿ ಬರ್ತದ್ರೀ, ಉಸ್ತಾದ್" ಅಂದೆ.

ಅವರು ತಲೆ ಆಡಿಸಿದರು. ಅಮ್ಮ ಚಾಪೆ ಹಾಸಿದರು. ನಾನು ಕೂತೆ. ನನಗೆ ಆ ಮನೆಯಲ್ಲಿ ಉಳಿದಿದ್ದ ಜಾಗ ಅದು, ಚಾಪೆಯ ಮೇಲಿನ ಅತಿಥಿಯದು. ಆ ವರ್ಷದ ಮಳೆಗಾಲದಲ್ಲಿ ಅವರು ತೀರಿಕೊಳ್ಳುವವರೆಗೆ ಅಲ್ಲೇ ಕೂತು ಎದ್ದು ಬರುತ್ತಿದ್ದೆ.